ಮಿರರ್‌ಲೆಸ್ ಮತ್ತು ಡಿಎಸ್‌ಎಲ್‌ಆರ್ ಕ್ಯಾಮೆರಾಗಳ ಆಯ್ಕೆ: ಚಿತ್ರದುರ್ಗ ಜಿಲ್ಲೆಯ ಹಿನ್ನೆಲೆಯಲ್ಲಿ

ಮಸೂರವನ್ನು ಕಳಚಿ ಬೇರೊಂದನ್ನು ಜೋಡಿಸಬಹುದಾದ ಡಿಜಿಟಲ್ ಕ್ಯಾಮೆರಾಗಳಲ್ಲಿ ಡಿಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್ ಎಂಬ ಎರಡು ಮುಖ್ಯ ವರ್ಗಗಳಿವೆ. ಮೊದಲನೆಯದರಲ್ಲಿ ಮಸೂರದ ಹಿಂಬದಿಯಲ್ಲಿ ಚಲಿಸುವ ಕನ್ನಡಿಯೊಂದು ಇರುತ್ತದೆ. ಎರಡನೆಯದರಲ್ಲಿ ಅದು ಇರುವುದಿಲ್ಲ. ಕ್ಯಾಮೆರಾದ ಗಾತ್ರ, ತೂಕ, ಸದ್ದು, ಬ್ಯಾಟರಿಯ ಬಾಳಿಕೆ, ಫೋಕಸ್ ಮಾಡುವ ವಿಧಾನ ಇವೆಲ್ಲವೂ ಈ ಒಂದು ವ್ಯತ್ಯಾಸದಿಂದಲೇ ಬದಲಾಗುತ್ತವೆ. ಚಿತ್ರದ ಗುಣಮಟ್ಟ ಮಾತ್ರ ಬದಲಾಗುವುದಿಲ್ಲ ಎಂಬುದನ್ನು ಮೊದಲೇ ಹೇಳಬೇಕು, ಏಕೆಂದರೆ ಅಂಗಡಿಗಳಲ್ಲಿ ಹೆಚ್ಚಾಗಿ ಕೇಳಿಬರುವುದು ಇದಕ್ಕೆ ವಿರುದ್ಧವಾದ ಮಾತು.

ಈ ಲೇಖನವು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ಪರಿಸರದಲ್ಲಿ ಛಾಯಾಗ್ರಹಣ ಮಾಡುವವರು ಈ ಎರಡು ವ್ಯವಸ್ಥೆಗಳ ನಡುವೆ ಆಯ್ಕೆ ಮಾಡುವಾಗ ಪರಿಗಣಿಸಬೇಕಾದ ಸಂಗತಿಗಳನ್ನು ವಿವರಿಸುತ್ತದೆ. ಕೋಟೆ, ಜಾತ್ರೆ, ಮದುವೆ, ರಂಗಭೂಮಿ, ಶಾಸನ ಮತ್ತು ಪಕ್ಷಿಗಳು ಇಲ್ಲಿನ ಛಾಯಾಗ್ರಾಹಕರ ಮುಖ್ಯ ವಸ್ತುಗಳು. ತಾಲ್ಲೂಕು ಕೇಂದ್ರದಲ್ಲಿ ಚಿಕ್ಕ ಸ್ಟುಡಿಯೊ ನಡೆಸುವವನಿಗೆ ಕ್ಯಾಮೆರಾ ಎಂಬುದು ಒಂದು ವಸ್ತುವಲ್ಲ. ಅದರೊಡನೆ ಮಸೂರಗಳು, ಫ್ಲ್ಯಾಶ್, ಬ್ಯಾಟರಿಗಳು ಸೇರಿ ಒಂದು ವ್ಯವಸ್ಥೆಯೇ ಆಗುತ್ತದೆ. ಒಮ್ಮೆ ಒಂದು ವ್ಯವಸ್ಥೆಗೆ ಹಣ ಹೂಡಿದ ಮೇಲೆ ಅದರಿಂದ ಹೊರಬರುವುದು ಬಹಳ ವರ್ಷಗಳ ಮಾತು.

ಹೆಸರುಗಳು

ಡಿಎಸ್‌ಎಲ್‌ಆರ್ ಎಂಬುದು 'ಡಿಜಿಟಲ್ ಸಿಂಗಲ್ ಲೆನ್ಸ್ ರಿಫ್ಲೆಕ್ಸ್' ಎಂಬುದರ ಸಂಕ್ಷಿಪ್ತ ರೂಪ. 'ರಿಫ್ಲೆಕ್ಸ್' ಎಂದರೆ ಇಲ್ಲಿ ಪ್ರತಿಫಲನ. ಚಿತ್ರ ತೆಗೆಯುವ ಮಸೂರದ ಮೂಲಕವೇ ಬಂದ ಬೆಳಕು ಕನ್ನಡಿಯಲ್ಲಿ ಪ್ರತಿಫಲಿಸಿ ಕಣ್ಣಿಗೆ ತಲಪುತ್ತದೆ ಎಂಬುದು ಇದರ ತಾತ್ಪರ್ಯ. ಮಿರರ್‌ಲೆಸ್ ಎಂಬುದಕ್ಕೆ ಕನ್ನಡದಲ್ಲಿ 'ಕನ್ನಡಿರಹಿತ ಕ್ಯಾಮೆರಾ' ಎಂದು ಹೇಳಬಹುದಾದರೂ ಬಳಕೆಯಲ್ಲಿ ನಿಂತಿರುವುದು ಇಂಗ್ಲಿಷ್ ಪದವೇ. ಇದು ಇರುವುದನ್ನು ಹೇಳದೆ ಇಲ್ಲದಿರುವುದನ್ನು ಹೇಳುವ ಹೆಸರು. ಮೊಬೈಲ್ ಫೋನಿನ ಕ್ಯಾಮೆರಾದಲ್ಲಿಯೂ ಅಂತಹ ಕನ್ನಡಿ ಇಲ್ಲ. ಆದರೂ ಮಸೂರ ಬದಲಾಯಿಸಬಹುದಾದ ಕ್ಯಾಮೆರಾಗಳನ್ನು ಮಾತ್ರ ಈ ಹೆಸರಿನಿಂದ ಕರೆಯುವುದು ರೂಢಿ.

ರಚನೆ ಮತ್ತು ಕಾರ್ಯವಿಧಾನ

ಡಿಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಮಸೂರದಿಂದ ಒಳಬಂದ ಬೆಳಕು 45 ಡಿಗ್ರಿ ಕೋನದಲ್ಲಿ ನಿಂತಿರುವ ಕನ್ನಡಿಗೆ ಬಡಿದು ಮೇಲಕ್ಕೆ ತಿರುಗುತ್ತದೆ. ಮೇಲಿರುವ ಐದು ಮುಖದ ಗಾಜಿನ ಪಟ್ಟಕವು ಎಡಬಲವಾಗಿ ತಿರುಗಿದ ಬಿಂಬವನ್ನು ಸರಿಪಡಿಸಿ ವ್ಯೂಫೈಂಡರಿಗೆ ಕಳುಹಿಸುತ್ತದೆ. ಕಡಿಮೆ ಬೆಲೆಯ ಮಾದರಿಗಳಲ್ಲಿ ಪಟ್ಟಕದ ಬದಲು ಚಿಕ್ಕ ಕನ್ನಡಿಗಳ ಜೋಡಣೆ ಇರುತ್ತದೆ. ಮುಖ್ಯ ಕನ್ನಡಿಯ ಹಿಂದಿರುವ ಪುಟ್ಟ ಕನ್ನಡಿಯೊಂದು ಸ್ವಲ್ಪ ಬೆಳಕನ್ನು ಕೆಳಕ್ಕೆ ಇಳಿಸಿ ಫೋಕಸ್ ಅಳೆಯುವ ಪ್ರತ್ಯೇಕ ಸಂವೇದಕಕ್ಕೆ ಒದಗಿಸುತ್ತದೆ. ಗುಂಡಿ ಒತ್ತಿದ ಕ್ಷಣದಲ್ಲಿ ಕನ್ನಡಿ ಮೇಲೆದ್ದು, ಶಟರ್ ತೆರೆದು, ಬೆಳಕು ಚಿತ್ರ ಸಂವೇದಕದ ಮೇಲೆ ಬೀಳುತ್ತದೆ. ಡಿಎಸ್‌ಎಲ್‌ಆರ್‌ನ ಪರಿಚಿತವಾದ 'ಟಪ್' ಸದ್ದಿನಲ್ಲಿ ಹೆಚ್ಚಿನ ಪಾಲು ಈ ಕನ್ನಡಿಯದೇ.

ಮಿರರ್‌ಲೆಸ್ ಕ್ಯಾಮೆರಾದಲ್ಲಿ ಬೆಳಕು ನೇರವಾಗಿ ಸಂವೇದಕದ ಮೇಲೆ ಸದಾ ಬೀಳುತ್ತಿರುತ್ತದೆ. ಸಂವೇದಕವು ಗ್ರಹಿಸಿದ್ದನ್ನು ಹಿಂಬದಿಯ ಪರದೆಯಲ್ಲಿಯೋ ವ್ಯೂಫೈಂಡರಿನೊಳಗಿನ ಸಣ್ಣ ಪರದೆಯಲ್ಲಿಯೋ ನೋಡಬಹುದು. ಅಂದರೆ ಡಿಎಸ್‌ಎಲ್‌ಆರ್‌ನಲ್ಲಿ ಕಾಣುವುದು ದೃಶ್ಯ. ಮಿರರ್‌ಲೆಸ್‌ನಲ್ಲಿ ಕಾಣುವುದು ಆ ದೃಶ್ಯದ ಚಿತ್ರ ಹೇಗೆ ಬರಲಿದೆ ಎಂಬುದು. ಫೋಕಸ್ ಅಳೆಯುವ ಬಿಂದುಗಳು ಸಂವೇದಕದ ಮೇಲೆಯೇ ಇರುವುದರಿಂದ ಅವು ಚೌಕಟ್ಟಿನ ಬಹುಭಾಗವನ್ನು ಆವರಿಸಬಲ್ಲವು. ಮುಖ, ಕಣ್ಣು, ಇತ್ತೀಚಿನ ಮಾದರಿಗಳಲ್ಲಿ ಪ್ರಾಣಿ ಪಕ್ಷಿಗಳ ಕಣ್ಣನ್ನು ಕೂಡ ಗುರುತಿಸಿ ಹಿಂಬಾಲಿಸಬಲ್ಲವು.

ಕನ್ನಡಿಗೆ ಜಾಗ ಬೇಕಾದ ಕಾರಣ ಡಿಎಸ್‌ಎಲ್‌ಆರ್‌ನಲ್ಲಿ ಮಸೂರ ಕೂರುವ ಬಳೆಗೂ ಸಂವೇದಕಕ್ಕೂ ನಡುವೆ ಹೆಚ್ಚು ಅಂತರ ಇರಬೇಕಾಗುತ್ತದೆ. ನಿಕಾನ್ ಎಫ್ ಜೋಡಣೆಯಲ್ಲಿ ಈ ಅಂತರ 46.5 ಮಿ.ಮೀ., ಕ್ಯಾನನ್ ಇಎಫ್‌ನಲ್ಲಿ 44 ಮಿ.ಮೀ. ಮಿರರ್‌ಲೆಸ್‌ಗಳಲ್ಲಿ ಅದು ನಿಕಾನ್ ಝಡ್‌ಗೆ 16, ಸೋನಿ ಇ ಜೋಡಣೆಗೆ 18, ಕ್ಯಾನನ್ ಆರ್‌ಎಫ್‌ಗೆ 20 ಮಿ.ಮೀ.ಗೆ ಇಳಿದಿದೆ. ಕ್ಯಾಮೆರಾ ತೆಳ್ಳಗಾಗಿರುವುದಕ್ಕೆ ಇದೇ ಕಾರಣ. ಹಳೆಯ ಡಿಎಸ್‌ಎಲ್‌ಆರ್ ಮಸೂರವನ್ನು ಕೊಳವೆಯಂತಹ ಅಡಾಪ್ಟರ್ ಮೂಲಕ ಹೊಸ ಮಿರರ್‌ಲೆಸ್‌ಗೆ ಜೋಡಿಸಬಹುದು, ಆದರೆ ಮಿರರ್‌ಲೆಸ್ ಮಸೂರವನ್ನು ಡಿಎಸ್‌ಎಲ್‌ಆರ್‌ಗೆ ಜೋಡಿಸಲಾಗದು ಎಂಬುದಕ್ಕೂ ಇದೇ ಕಾರಣ. ಆಯ್ಕೆಯ ಪ್ರಶ್ನೆಯಲ್ಲಿ ಈ ಏಕಮುಖ ದಾರಿ ಬಹಳ ಮುಖ್ಯವಾದುದು.

ಇತಿಹಾಸ

35 ಮಿ.ಮೀ. ಫಿಲ್ಮಿನ ಎಸ್‌ಎಲ್‌ಆರ್ ಕ್ಯಾಮೆರಾಗಳು 1930ರ ದಶಕದಲ್ಲಿಯೇ ಬಂದಿದ್ದರೂ ಅವು ವೃತ್ತಿನಿರತರ ಸಾಧನವಾಗಿ ನೆಲೆಗೊಂಡದ್ದು 1959ರಲ್ಲಿ ನಿಕಾನ್ ಎಫ್ ಬಿಡುಗಡೆಯಾದ ನಂತರ. 1991ರಲ್ಲಿ ಕೊಡಾಕ್ ಸಂಸ್ಥೆಯು ನಿಕಾನ್ ಎಫ್3 ಕ್ಯಾಮೆರಾಕ್ಕೆ ಸಂವೇದಕ ಅಳವಡಿಸಿ ಮಾರಾಟಕ್ಕೆ ತಂದಿತು. 1999ರ ನಿಕಾನ್ ಡಿ1 ಪತ್ರಿಕಾ ಛಾಯಾಗ್ರಾಹಕರನ್ನು ಡಿಜಿಟಲ್ ಕಡೆಗೆ ಸೆಳೆಯಿತು. 2003ರ ಕ್ಯಾನನ್ 300ಡಿ ಹವ್ಯಾಸಿಗಳ ಕೈಗೆಟುಕುವ ಬೆಲೆಗೆ ಬಂದಿತು. 2008ರಲ್ಲಿ ನಿಕಾನ್ ಡಿ90 ಮತ್ತು ಕ್ಯಾನನ್ 5ಡಿ ಮಾರ್ಕ್ 2 ಕ್ಯಾಮೆರಾಗಳು ವಿಡಿಯೊ ಸೌಲಭ್ಯವನ್ನು ತಂದವು.

ಅದೇ 2008ರಲ್ಲಿ ಪ್ಯಾನಸೋನಿಕ್ ಸಂಸ್ಥೆಯ ಲ್ಯೂಮಿಕ್ಸ್ ಜಿ1 ಬಂದಿತು. ಇಂದಿನ ಅರ್ಥದ ಮಿರರ್‌ಲೆಸ್ ಪರಂಪರೆ ಇಲ್ಲಿಂದ ಆರಂಭ. 2013ರಲ್ಲಿ ಸೋನಿ ಎ7 ಪೂರ್ಣ ಚೌಕಟ್ಟಿನ ಸಂವೇದಕವನ್ನು ಸಣ್ಣ ಒಡಲಿನಲ್ಲಿ ತಂದಿತು. ಡಿಎಸ್‌ಎಲ್‌ಆರ್ ಮಾರುಕಟ್ಟೆಯನ್ನು ಆಳುತ್ತಿದ್ದ ನಿಕಾನ್ ಮತ್ತು ಕ್ಯಾನನ್ ತಮ್ಮ ಪೂರ್ಣ ಚೌಕಟ್ಟಿನ ಮಿರರ್‌ಲೆಸ್ ವ್ಯವಸ್ಥೆಗಳನ್ನು 2018ರಲ್ಲಿ ಘೋಷಿಸಿದವು. ಜಪಾನಿನ ಕ್ಯಾಮೆರಾ ಉದ್ಯಮದ ಸಂಘಟನೆಯ ಅಂಕಿಅಂಶಗಳಂತೆ 2020ರಲ್ಲಿ ಮಿರರ್‌ಲೆಸ್‌ಗಳ ರವಾನೆಯು ಡಿಎಸ್‌ಎಲ್‌ಆರ್‌ಗಳದ್ದನ್ನು ಮೀರಿತು. ಅದೇ ವರ್ಷ ಬಂದ ಕ್ಯಾನನ್ 1ಡಿ ಎಕ್ಸ್ ಮಾರ್ಕ್ 3 ಮತ್ತು ನಿಕಾನ್ ಡಿ6 ನಂತರ ಈ ಎರಡು ಸಂಸ್ಥೆಗಳಿಂದ ಅಂತಹ ಅಗ್ರಶ್ರೇಣಿಯ ಹೊಸ ಡಿಎಸ್‌ಎಲ್‌ಆರ್ ಬಂದಿಲ್ಲ. 2021ರ ನಿಕಾನ್ ಝಡ್9 ಕ್ಯಾಮೆರಾದಲ್ಲಿ ಕನ್ನಡಿಯೊಂದಿಗೆ ಯಾಂತ್ರಿಕ ಶಟರನ್ನೂ ಕೈಬಿಡಲಾಯಿತು.

ಸಂವೇದಕದ ಗಾತ್ರದ ಬಗೆಗಿನ ಗೊಂದಲ

ಮಿರರ್‌ಲೆಸ್ ಚಿಕ್ಕದಾದ್ದರಿಂದ ಅದರ ಚಿತ್ರವೂ ಕಡಿಮೆ ಎಂಬ ಭಾವನೆ ಕೆಲವರಲ್ಲಿದೆ. ಮಿರರ್‌ಲೆಸ್ ಹೊಸದಾದ್ದರಿಂದ ಅದರ ಚಿತ್ರವೇ ಮೇಲು ಎಂಬ ಭಾವನೆ ಇನ್ನು ಕೆಲವರಲ್ಲಿದೆ. ಎರಡೂ ಸರಿಯಲ್ಲ. ಬೆಳಕನ್ನು ಗ್ರಹಿಸುವುದು ಸಂವೇದಕವೇ ಹೊರತು ಕನ್ನಡಿಯಲ್ಲ. ಪೂರ್ಣ ಚೌಕಟ್ಟಿನ ಸಂವೇದಕ 36×24 ಮಿ.ಮೀ., ಎಪಿಎಸ್‌-ಸಿ ಸುಮಾರು 23.5×15.6 ಮಿ.ಮೀ. (ಕ್ಯಾನನ್‌ನಲ್ಲಿ ತುಸು ಚಿಕ್ಕದು), ಮೈಕ್ರೊ ಫೋರ್ ಥರ್ಡ್ಸ್ 17.3×13 ಮಿ.ಮೀ. ಮೊದಲ ಎರಡು ಗಾತ್ರಗಳು ಡಿಎಸ್‌ಎಲ್‌ಆರ್ ಮತ್ತು ಮಿರರ್‌ಲೆಸ್ ಎರಡರಲ್ಲಿಯೂ ದೊರೆಯುತ್ತವೆ. 2020ರಲ್ಲಿ ಬಂದ ನಿಕಾನ್ ಡಿ780 ಇದಕ್ಕೆ ಒಳ್ಳೆಯ ಉದಾಹರಣೆ. ಅದು ಡಿಎಸ್‌ಎಲ್‌ಆರ್; ಆದರೆ ಕನ್ನಡಿಯನ್ನು ಮೇಲಕ್ಕೆತ್ತಿ ಹಿಂಬದಿಯ ಪರದೆಯಲ್ಲಿ ನೋಡುವಾಗ ಅದೇ ಸಂಸ್ಥೆಯ ಝಡ್6 ಮಿರರ್‌ಲೆಸ್‌ನಂತೆಯೇ ಸಂವೇದಕದ ಮೇಲಿನ ಬಿಂದುಗಳಿಂದ ಫೋಕಸ್ ಮಾಡುತ್ತದೆ.

ಕೋಟೆಯಲ್ಲಿ: ತೂಕ ಮತ್ತು ಬೆಳಕು

ಏಳು ಸುತ್ತಿನ ಕೋಟೆಯೆಂದು ಹೆಸರಾದ ಚಿತ್ರದುರ್ಗದ ಕೋಟೆಯು ನೆಲಮಟ್ಟದಲ್ಲಿ ನಿಂತು ನೋಡಿ ಮುಗಿಸುವ ಸ್ಮಾರಕವಲ್ಲ. ಬಾಗಿಲುಗಳನ್ನು ದಾಟಿ, ಮೆಟ್ಟಿಲುಗಳನ್ನೂ ಬಂಡೆಗಳನ್ನೂ ಏರಿ, ಹಿಡಿಂಬೇಶ್ವರ, ಏಕನಾಥೇಶ್ವರಿ ಗುಡಿಗಳನ್ನೂ ಒನಕೆ ಓಬವ್ವನ ಕಿಂಡಿಯನ್ನೂ ಕಂಡು ಇಳಿಯುವುದಕ್ಕೆ ಅರ್ಧ ದಿನ ಬೇಕು. ತುಪ್ಪದ ಕೊಳದಂತಹ ಕಡಿದಾದ ಬಂಡೆಯನ್ನು ಏರುವವನ ಹೆಗಲ ಮೇಲೆ ಅರ್ಧ ಕಿಲೊ ಕೂಡ ಲೆಕ್ಕಕ್ಕೆ ಬರುತ್ತದೆ.

ನಿಕಾನ್ ಡಿ850 ಬ್ಯಾಟರಿ ಸಹಿತ 1005 ಗ್ರಾಂ ತೂಗುತ್ತದೆ. ಅದರ 24–70 ಮಿ.ಮೀ. ಎಫ್/2.8 ಮಸೂರ 1070 ಗ್ರಾಂ. ಇವೆರಡಕ್ಕೆ ಸಾಟಿಯಾದ ಮಿರರ್‌ಲೆಸ್ ಜೋಡಿ ಝಡ್7 ಮತ್ತು ಅದೇ ಅಳತೆಯ ಝಡ್ ಮಸೂರ. ತೂಕ 675 ಮತ್ತು 805 ಗ್ರಾಂ. ಉಳಿತಾಯ ಸುಮಾರು 600 ಗ್ರಾಂ. ಆರಂಭಿಕರ ಕ್ಯಾಮೆರಾಗಳಲ್ಲಿ ಈ ಅಂತರ ಕಡಿಮೆ: ಕ್ಯಾನನ್ 1500ಡಿ 475 ಗ್ರಾಂ, ಕ್ಯಾನನ್ ಆರ್50 375 ಗ್ರಾಂ. ನೂರು ಗ್ರಾಂ ಉಳಿಸಲೆಂದು ವಿದ್ಯಾರ್ಥಿಯೊಬ್ಬ ಹೆಚ್ಚು ಹಣ ತೆರಬೇಕಾಗಿಲ್ಲ.

ಕೋಟೆಯಲ್ಲಿ ತೂಕಕ್ಕಿಂತ ದೊಡ್ಡ ಸಮಸ್ಯೆ ಬೆಳಕು. ಬಿಸಿಲಿಗೆ ಬೆಳ್ಳಗೆ ಹೊಳೆಯುವ ಬಂಡೆ ಒಂದು ಕಡೆ, ಕತ್ತಲು ತುಂಬಿದ ಬಾಗಿಲಿನ ಕಮಾನು ಇನ್ನೊಂದು ಕಡೆ. ಡಿಎಸ್‌ಎಲ್‌ಆರ್‌ನ ವ್ಯೂಫೈಂಡರಿನಲ್ಲಿ ಕಣ್ಣು ಎರಡನ್ನೂ ಸರಿದೂಗಿಸಿಕೊಂಡು ನೋಡುತ್ತದೆ. ಚಿತ್ರದಲ್ಲಿ ಬಂಡೆಯ ವಿವರ ಅಳಿಸಿಹೋದದ್ದು ಆಮೇಲೆ ತಿಳಿಯುತ್ತದೆ. ಮಿರರ್‌ಲೆಸ್‌ನ ವ್ಯೂಫೈಂಡರಿನಲ್ಲಿ ಗುಂಡಿ ಒತ್ತುವ ಮೊದಲೇ ಅದು ಕಾಣುತ್ತದೆ. ಕಲಿಯುವವರಿಗೆ ಇದು ದೊಡ್ಡ ಅನುಕೂಲ. ಮಧ್ಯಾಹ್ನದ ಬಿಸಿಲಿನಲ್ಲಿ ಹಿಂಬದಿಯ ಪರದೆ ಯಾವ ಕ್ಯಾಮೆರಾದಲ್ಲಿಯೂ ಸರಿಯಾಗಿ ಕಾಣದ ಕಾರಣ, ವ್ಯೂಫೈಂಡರೇ ಇಲ್ಲದ ಅಗ್ಗದ ಮಿರರ್‌ಲೆಸ್ ಮಾದರಿಗಳನ್ನು ಇಲ್ಲಿನ ಹೊರಾಂಗಣ ಕೆಲಸಕ್ಕೆ ಆರಿಸದಿರುವುದು ಲೇಸು.

ಕೋಟೆಯು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದ್ದು, ಟ್ರೈಪಾಡ್ ಬಳಸಲು ಇಲಾಖೆಯ ಅನುಮತಿ ಬೇಕು. ಹಾಗಾಗಿ ಗುಡಿಯ ಒಳಭಾಗವನ್ನು ಕೈಯಲ್ಲಿ ಹಿಡಿದೇ ತೆಗೆಯಬೇಕಾಗುತ್ತದೆ. ಸಂವೇದಕವನ್ನೇ ಅಲುಗಿಸಿ ಕೈನಡುಕವನ್ನು ಸರಿದೂಗಿಸುವ ವ್ಯವಸ್ಥೆ ಅನೇಕ ಮಿರರ್‌ಲೆಸ್‌ಗಳಲ್ಲಿದೆ. ಪೆಂಟಾಕ್ಸ್‌ನ ಡಿಎಸ್‌ಎಲ್‌ಆರ್‌ಗಳಲ್ಲಿಯೂ ಇದು ಇದೆ. ಕ್ಯಾನನ್ ಮತ್ತು ನಿಕಾನ್ ಡಿಎಸ್‌ಎಲ್‌ಆರ್‌ಗಳಲ್ಲಿ ಮಾತ್ರ ಅದು ಮಸೂರದಲ್ಲಿರಬೇಕು. ಕಡಿಮೆ ಬೆಲೆಯ ಮಿರರ್‌ಲೆಸ್‌ಗಳಲ್ಲಿ ಈ ಸೌಲಭ್ಯವನ್ನು ಬಿಟ್ಟಿರುವುದೂ ಉಂಟು. ಕೊಳ್ಳುವ ಮುನ್ನ ವಿಚಾರಿಸಬೇಕು.

ಶಾಸನಗಳು ಮತ್ತು ವೀರಗಲ್ಲುಗಳು

ಮಯೂರಶರ್ಮನ ಶಾಸನವಿರುವ ಚಂದ್ರವಳ್ಳಿ, ಮೊಳಕಾಲ್ಮೂರು ತಾಲ್ಲೂಕಿನ ಅಶೋಕನ ಶಾಸನಗಳ ನೆಲೆಯಾದ ಬ್ರಹ್ಮಗಿರಿ, ಊರೂರಿನ ವೀರಗಲ್ಲುಗಳು ಇವೆಲ್ಲ ಇತಿಹಾಸದ ವಿದ್ಯಾರ್ಥಿಗಳು ದಾಖಲಿಸುವ ವಸ್ತುಗಳು. ಇಲ್ಲಿ ಎರಡು ವ್ಯವಸ್ಥೆಗಳ ನಡುವಿನ ಜಗಳಕ್ಕೆ ಅರ್ಥವಿಲ್ಲ. ಸವೆದ ಅಕ್ಷರ ಓದಲು ಬೇಕಾದದ್ದು ಬದಿಯಿಂದ ಬೀಳುವ ಓರೆ ಬೆಳಕು: ಬೆಳಗಿನ ಅಥವಾ ಸಂಜೆಯ ಬಿಸಿಲು, ಅದಿಲ್ಲದಿದ್ದರೆ ಪಕ್ಕದಲ್ಲಿ ಹಿಡಿದ ಒಂದು ಟಾರ್ಚ್. ಅನುಮತಿಯಿರುವಲ್ಲಿ ಸ್ಥಿರವಾದ ಟ್ರೈಪಾಡ್ ಇದ್ದರೆ ಮತ್ತೂ ಒಳ್ಳೆಯದು. ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಟ್ರೈಪಾಡ್ ಮೇಲಿಟ್ಟು ಕನ್ನಡಿಯನ್ನು ಎತ್ತಿ ಹಿಂಬದಿಯ ಪರದೆಯಲ್ಲಿ ಹಿಗ್ಗಿಸಿ ನೋಡಿದರೆ ಆ ಹೊತ್ತಿಗೆ ಅದೂ ಮಿರರ್‌ಲೆಸ್ಸೇ. ಮುಖಕ್ಕೆ ಫ್ಲ್ಯಾಶ್ ಹೊಡೆದ ಶಾಸನದ ಚಿತ್ರ ಎಷ್ಟು ಬೆಲೆಯ ಕ್ಯಾಮೆರಾದಿಂದ ಬಂದರೂ ಓದುವುದಕ್ಕೆ ಬಾರದು.

ರಂಗಭೂಮಿ: ಸದ್ದಿನ ಪ್ರಶ್ನೆ

ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯು ನಾಡಿನ ರಂಗಾಸಕ್ತರಿಗೆ ಪರಿಚಿತವಾದ ಊರು. ಇಲ್ಲಿನ ಶಿವಕುಮಾರ ಕಲಾಸಂಘ, 1997ರಲ್ಲಿ ಆರಂಭವಾದ ಶಿವಸಂಚಾರ ತಿರುಗಾಟ ತಂಡ, ನವೆಂಬರ್ ತಿಂಗಳ ನಾಟಕೋತ್ಸವ ಮತ್ತು ಬಯಲು ರಂಗಮಂದಿರದಿಂದಾಗಿ ಜಿಲ್ಲೆಯಲ್ಲಿ ರಂಗಛಾಯಾಗ್ರಹಣಕ್ಕೆ ಇಷ್ಟು ಅವಕಾಶವಿರುವ ಸ್ಥಳ ಬೇರೆ ಇಲ್ಲ.

ಮಿರರ್‌ಲೆಸ್ ಕ್ಯಾಮೆರಾದ ನಿಜವಾದ ಮೇಲುಗೈ ಕಾಣುವುದು ಇಂತಹ ಕಡೆ. ಮೌನದ ದೃಶ್ಯದಲ್ಲಿ ಮುಂದಿನ ಸಾಲಿನಿಂದ ಕನ್ನಡಿಯ ಸದ್ದು ಹೊರಟರೆ ನಟನಿಗೂ ಪ್ರೇಕ್ಷಕನಿಗೂ ರಸಭಂಗ. ಮಿರರ್‌ಲೆಸ್‌ನ ಎಲೆಕ್ಟ್ರಾನಿಕ್ ಶಟರ್ ಸಂಪೂರ್ಣ ನಿಶ್ಶಬ್ದವಾಗಿ ಕೆಲಸ ಮಾಡುತ್ತದೆ. ಕತ್ತಲ ರಂಗದಲ್ಲಿ ಒಂದೇ ದೀಪದಡಿ ನಿಂತ ಪಾತ್ರದ ಕಣ್ಣನ್ನು ಗುರುತಿಸಿ ಫೋಕಸ್ ಮಾಡುವುದೂ, ಬೆಳಕು ಎಷ್ಟು ಸಾಕು ಎಂಬುದನ್ನು ಮೊದಲೇ ತೋರಿಸುವುದೂ ಹೆಚ್ಚಿನ ಅನುಕೂಲಗಳು.

ಆದರೆ ನಿಶ್ಶಬ್ದಕ್ಕೂ ಬೆಲೆಯುಂಟು. ಎಲೆಕ್ಟ್ರಾನಿಕ್ ಶಟರಿನಲ್ಲಿ ಸಂವೇದಕವನ್ನು ಸಾಲುಸಾಲಾಗಿ ಮೇಲಿನಿಂದ ಕೆಳಗೆ ಓದಲಾಗುತ್ತದೆ. ಸಾಮಾನ್ಯ ಮಾದರಿಗಳಲ್ಲಿ ಈ ಓದು ನಿಧಾನ. ಅಷ್ಟರಲ್ಲಿ ವಸ್ತು ಚಲಿಸಿದರೆ ಆಕಾರ ಕೆಡುತ್ತದೆ: ಡೊಳ್ಳು ಕುಣಿತದ ಕೋಲು ಬಾಗಿದಂತೆ, ವೀರಗಾಸೆಯವನ ಕತ್ತಿ ಡೊಂಕಾದಂತೆ ಕಾಣಬಹುದು. ಎಲ್‌ಇಡಿ ದೀಪಗಳ ಕೆಳಗೆ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಮೂಡುವುದು ಇನ್ನೊಂದು ತೊಂದರೆ. ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಪಟ್ಟಿಗಳು ಬಹಳಷ್ಟು ಕಡಿಮೆಯಾಗುತ್ತವೆ. ಬೇರೆ ವೇಗದಲ್ಲಿ ಮಿನುಗುವ ರಂಗದೀಪಗಳಿಗೆ ಈ ಉಪಾಯ ನಡೆಯದು. ಆಗ ಯಾಂತ್ರಿಕ ಶಟರಿಗೆ ಮರಳಬೇಕು. ಕನ್ನಡಿ ಇಲ್ಲದಿರುವುದರಿಂದ ಆ ಸದ್ದು ಕೂಡ ಡಿಎಸ್‌ಎಲ್‌ಆರ್‌ಗಿಂತ ಕಡಿಮೆಯೇ.

ಮದುವೆ ಮತ್ತು ಜಾತ್ರೆ

ಜಿಲ್ಲೆಯ ಸ್ಟುಡಿಯೊಗಳ ಬದುಕು ನಡೆಯುವುದು ಮದುವೆಗಳಿಂದ. ಇಲ್ಲಿ ಸದ್ದಿನ ಪ್ರಶ್ನೆ ಇಲ್ಲ; ವಾಲಗದ ಮುಂದೆ ಯಾವ ಕನ್ನಡಿಯ ಸದ್ದು ಕೇಳೀತು? ಇಲ್ಲಿ ಮುಖ್ಯವಾದುವು ಬ್ಯಾಟರಿ, ಫ್ಲ್ಯಾಶ್ ಮತ್ತು ವಿಡಿಯೊ.

ಬ್ಯಾಟರಿಯ ವಿಷಯದಲ್ಲಿ ಡಿಎಸ್‌ಎಲ್‌ಆರ್ ಬಹಳ ಮುಂದಿದೆ. ಡಿ850 ಒಂದು ಬ್ಯಾಟರಿಗೆ 1840 ಚಿತ್ರಗಳನ್ನು ತೆಗೆಯುತ್ತದೆಂದು ತಯಾರಕರ ಪ್ರಮಾಣಿತ ಪರೀಕ್ಷೆ ಹೇಳುತ್ತದೆ. ಅದೇ ಕುಟುಂಬದ ಬ್ಯಾಟರಿ ಬಳಸುವ ಝಡ್7ಗೆ ವ್ಯೂಫೈಂಡರ್ ಬಳಸಿದಾಗ ಈ ಸಂಖ್ಯೆ ಸುಮಾರು 330. ಸಂವೇದಕ ಮತ್ತು ಪರದೆ ಸದಾ ಎಚ್ಚರವಾಗಿರುವುದೇ ಇದಕ್ಕೆ ಕಾರಣ. ಬಿಡುವಿಲ್ಲದೆ ಒಂದೇ ಸಮನೆ ತೆಗೆಯುವಾಗ ಇದಕ್ಕಿಂತ ಎಷ್ಟೋ ಹೆಚ್ಚು ಚಿತ್ರಗಳು ದೊರೆಯುತ್ತವೆಯಾದರೂ ಮಿರರ್‌ಲೆಸ್ ಇಟ್ಟುಕೊಂಡವನು ಮುಹೂರ್ತಕ್ಕೆ ಮೂರು ಬ್ಯಾಟರಿ ಇಲ್ಲದೆ ಹೊರಡಬಾರದು. ಆ ಬ್ಯಾಟರಿಗಳ ಬೆಲೆಯನ್ನು ಕ್ಯಾಮೆರಾದ ಬೆಲೆಗೆ ಸೇರಿಸಿಯೇ ಹೋಲಿಕೆ ಮಾಡಬೇಕು. ಹಿರಿಯೂರಿನ ತೇರು ಮಲ್ಲೇಶ್ವರನ ರಥೋತ್ಸವ, ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಜಾತ್ರೆ ಮುಂತಾದ ಕಡೆ ಇಡೀ ದಿನ ಜನಸಂದಣಿಯ ನಡುವೆ ಚಾರ್ಜ್ ಮಾಡಲು ಸ್ಥಳವಿರುವುದಿಲ್ಲ. ಹೊಸ ಮಿರರ್‌ಲೆಸ್‌ಗಳಲ್ಲಿ ಹಲವು ಯುಎಸ್‌ಬಿ ತಂತಿಯ ಮೂಲಕ ಪವರ್ ಬ್ಯಾಂಕಿನಿಂದ ಚಾರ್ಜ್ ಆಗುತ್ತವೆ ಎಂಬುದು ಸಮಾಧಾನದ ಸಂಗತಿ.

ಫ್ಲ್ಯಾಶ್ ಬಳಕೆಯಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ಬಹುತೇಕ ಮಿರರ್‌ಲೆಸ್‌ಗಳಲ್ಲಿ ಎಲೆಕ್ಟ್ರಾನಿಕ್ ಶಟರಿನೊಂದಿಗೆ ಫ್ಲ್ಯಾಶ್ ಕೆಲಸ ಮಾಡುವುದಿಲ್ಲ ಎಂಬುದನ್ನು ನೆನಪಿಡಬೇಕು. ಮದುವೆಗೆ ಎರಡು ಕಾರ್ಡ್ ಕೂರುವ ಕ್ಯಾಮೆರಾ ಬೇಕು. ತಾಳಿ ಕಟ್ಟುವ ಗಳಿಗೆಯನ್ನು ಎರಡನೆಯ ಬಾರಿ ತೆಗೆಯಲಾಗದು.

ವಿಡಿಯೊದಲ್ಲಿ ಮಾತ್ರ ಮಿರರ್‌ಲೆಸ್‌ನದು ಸ್ಪಷ್ಟ ಗೆಲುವು. ಡಿಎಸ್‌ಎಲ್‌ಆರ್‌ನಲ್ಲಿ ವಿಡಿಯೊ ತೆಗೆಯಬೇಕಾದರೆ ಕನ್ನಡಿ ಮೇಲೇಳಲೇಬೇಕು. ಆಗ ವ್ಯೂಫೈಂಡರ್ ಕುರುಡಾಗುತ್ತದೆ. ಹೊರಾಂಗಣದಲ್ಲಿ ಬಿಸಿಲಿಗೆ ಕಾಣದ ಪರದೆಯನ್ನೇ ನಂಬಬೇಕು. ಹಳೆಯ ಡಿಎಸ್‌ಎಲ್‌ಆರ್‌ಗಳಲ್ಲಿ ವಿಡಿಯೊ ನಡೆಯುವಾಗ ಫೋಕಸ್ ಹಿಂದೆಮುಂದೆ ತಡಕಾಡುತ್ತದೆ. ಚಿತ್ರಕ್ಕಿಂತ ವಿಡಿಯೊಗೆ ಹೆಚ್ಚು ಬೇಡಿಕೆಯಿರುವ ಸ್ಟುಡಿಯೊ ಇನ್ನು ಡಿಎಸ್‌ಎಲ್‌ಆರ್‌ಗೆ ಹೊಸದಾಗಿ ಹಣ ಹಾಕುವುದು ಯುಕ್ತವಲ್ಲ. ಬೇಸಿಗೆಯ ಬಿಸಿಲಿನಲ್ಲಿ ದೀರ್ಘ ವಿಡಿಯೊ ತೆಗೆದಾಗ ಕೆಲವು ಸಣ್ಣ ಮಿರರ್‌ಲೆಸ್‌ಗಳು ಕಾದು ತಾವಾಗಿಯೇ ನಿಂತುಬಿಡುವುದುಂಟು ಎಂಬುದನ್ನೂ ಗಮನಿಸಬೇಕು.

ಪಕ್ಷಿ ಮತ್ತು ವನ್ಯಜೀವಿ

ಕರ್ನಾಟಕದ ವನ್ಯಜೀವಿ ಛಾಯಾಗ್ರಹಣದ ಪರಂಪರೆಯನ್ನು ಕಟ್ಟಿದ ಟಿ. ಎನ್. ಎ. ಪೆರುಮಾಳ್, ಸಂಡೂರಿನ ಎಂ. ವೈ. ಘೋರ್ಪಡೆ, ಮೂಡಿಗೆರೆಯಲ್ಲಿ ಹಕ್ಕಿಗಳ ಚಿತ್ರ ತೆಗೆದ ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಇವರೆಲ್ಲ ಫಿಲ್ಮಿನ ಕಾಲದಲ್ಲಿ ಬೆಳೆದವರು. ರೋಲು ಮುಗಿಯುವ ಭಯವಿದ್ದ ಆ ದಿನಗಳಲ್ಲಿ ಸೆಕೆಂಡಿಗೆ ಇಪ್ಪತ್ತು ಚಿತ್ರ ತೆಗೆಯುವ ಯೋಚನೆಯೇ ಇರಲಿಲ್ಲ.

ಜಿಲ್ಲೆಯಲ್ಲಿ ಈ ಹವ್ಯಾಸಕ್ಕೆ ಮುಖ್ಯ ನೆಲೆಗಳು ಚಿತ್ರದುರ್ಗ ನಗರಕ್ಕೆ ಹತ್ತಿರದ ಜೋಗಿಮಟ್ಟಿ ಅರಣ್ಯ ಮತ್ತು ಹಿರಿಯೂರು ತಾಲ್ಲೂಕಿನ ವಾಣಿವಿಲಾಸ ಸಾಗರ. ವೇದಾವತಿ ನದಿಗೆ ಮಾರಿಕಣಿವೆಯಲ್ಲಿ ಕಟ್ಟಿದ ಈ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನೀರು ಏರಿದಂತೆ ಹಿನ್ನೀರು ಹೊಸದುರ್ಗ ತಾಲ್ಲೂಕಿನ ಕಡೆಗೂ ಹರಡುತ್ತದೆ.

ನೀರಿನ ಮೇಲೆ ಹಾರುವ ಹಕ್ಕಿಯನ್ನು ಹಿಂಬಾಲಿಸುವಾಗ ಡಿಎಸ್‌ಎಲ್‌ಆರ್‌ನ ವ್ಯೂಫೈಂಡರಿಗೆ ಒಂದು ಗುಣವಿದೆ: ಅಲ್ಲಿ ಕಾಣುವುದು ನೇರ ಬೆಳಕು, ತಡವೆಂಬುದೇ ಇಲ್ಲ. ಅಗ್ಗದ ಮಿರರ್‌ಲೆಸ್‌ಗಳ ಪರದೆ ವೇಗದ ಚಲನೆಯಲ್ಲಿ ಕ್ಷಣಮಾತ್ರ ಹಿಂದೆ ಬೀಳುತ್ತದೆ. ದುಬಾರಿ ಮಾದರಿಗಳಲ್ಲಿ ಈ ಕೊರತೆ ಬಹುಮಟ್ಟಿಗೆ ನೀಗಿದೆ. ಜೊತೆಗೆ ಹಕ್ಕಿಯ ಕಣ್ಣನ್ನು ಹಿಡಿದು ಬಿಡದ ಫೋಕಸ್ ಸೌಲಭ್ಯವೂ ಇದೆ. ಪೊದೆಯೊಳಗೆ ಕುಳಿತ ಹಕ್ಕಿಯ ವಿಷಯದಲ್ಲಿ ಈ ಸೌಲಭ್ಯ ಮಾಡುವ ವ್ಯತ್ಯಾಸ ಸಣ್ಣದಲ್ಲ.

ತೂಕ ಮಾತ್ರ ಇಲ್ಲಿ ಉಳಿಯುವುದಿಲ್ಲ. ನಿಕಾನ್‌ನ ಹಳೆಯ 200–500 ಮಿ.ಮೀ. ಮಸೂರ 2300 ಗ್ರಾಂ. ಮಿರರ್‌ಲೆಸ್‌ಗೆಂದೇ ಮಾಡಿದ 180–600 ಮಿ.ಮೀ. ಮಸೂರ ಟ್ರೈಪಾಡ್ ಪಟ್ಟಿ ಸಹಿತ 2140 ಗ್ರಾಂ. ದೂರದ ವಸ್ತುವನ್ನು ಹತ್ತಿರ ತರುವ ಗಾಜಿನ ಗಾತ್ರವನ್ನು ನಿರ್ಧರಿಸುವುದು ಕನ್ನಡಿಯಲ್ಲ, ಬೆಳಕಿನ ನಿಯಮ. ಕ್ಯಾನನ್ ಆರ್‌ಎಫ್ 100–400 ಮಿ.ಮೀ. ಮಸೂರ 635 ಗ್ರಾಂ ಮಾತ್ರ ತೂಗುವುದು ನಿಜ, ಆದರೆ ಅದರ ರಂಧ್ರ ಎಫ್/5.6ರಿಂದ ಎಫ್/8ರವರೆಗಿನದು, ಮುಂಜಾನೆಯ ಮಬ್ಬಿನಲ್ಲಿ ಅಥವಾ ಹೊಳಲ್ಕೆರೆಯ ಅಡಕೆ ತೋಟದ ನೆರಳಿನಲ್ಲಿ ಅದು ಪರದಾಡುತ್ತದೆ.

ಧೂಳು

ಚಿತ್ರದುರ್ಗ ಮಳೆ ಕಡಿಮೆಯಿರುವ ಒಣ ಜಿಲ್ಲೆ. ಗುಡ್ಡಸಾಲುಗಳ ಮೇಲೆ ಗಾಳಿಯಂತ್ರಗಳು ನಿಂತಿರುವುದೇ ಇಲ್ಲಿನ ಗಾಳಿಗೆ ಸಾಕ್ಷಿ. ಮಲೆನಾಡಿನಲ್ಲಿ ಮಸೂರದ ಶತ್ರು ಬೂಷ್ಟು, ಇಲ್ಲಿ ಧೂಳು. ಬೆಂಗಳೂರಿನ ಅಂಗಡಿಯಲ್ಲಿ ಕ್ಯಾಮೆರಾ ಕೊಳ್ಳುವಾಗ ಈ ವಿಷಯ ಯಾರಿಗೂ ಹೊಳೆಯುವುದಿಲ್ಲ.

ಡಿಎಸ್‌ಎಲ್‌ಆರ್‌ನಲ್ಲಿ ಮಸೂರ ಕಳಚಿದಾಗ ಸಂವೇದಕದ ಮುಂದೆ ಮುಚ್ಚಿದ ಶಟರೂ ಕನ್ನಡಿಯೂ ಅಡ್ಡವಿರುತ್ತವೆ. ಬಹುಪಾಲು ಮಿರರ್‌ಲೆಸ್‌ಗಳಲ್ಲಿ ಸಂವೇದಕ ಬಯಲಿಗೆ ಬೀಳುತ್ತದೆ. ಕ್ಯಾನನ್ ಇಒಎಸ್ ಆರ್‌ನಂತಹ ಕೆಲವು ಮಾದರಿಗಳು ಸ್ವಿಚ್ ಆರಿಸಿದಾಗ ಶಟರನ್ನು ಮುಚ್ಚಿಕೊಳ್ಳುತ್ತವೆ. ಝಡ್9ರಲ್ಲಿ ಅದಕ್ಕಾಗಿಯೇ ಒಂದು ಪರದೆಯಿದೆ. ಸಂವೇದಕದ ಮೇಲೆ ಕೂತ ಧೂಳಿನ ಕಣವು ಸಣ್ಣ ರಂಧ್ರದಲ್ಲಿ ತೆಗೆದ ಚಿತ್ರಗಳ ಆಕಾಶದಲ್ಲಿ ಕಪ್ಪು ಚುಕ್ಕೆಯಾಗಿ ಮೂಡುತ್ತದೆ. ತೇರಿನ ಬೀದಿಯಲ್ಲಿ ಮಸೂರ ಬದಲಾಯಿಸದಿರುವುದು, ಬದಲಾಯಿಸಲೇಬೇಕಾದರೆ ಸ್ವಿಚ್ ಆರಿಸಿ ಕ್ಯಾಮೆರಾದ ಬಾಯಿಯನ್ನು ಕೆಳಮುಖವಾಗಿ ಹಿಡಿದು ಗಾಳಿಗೆ ಬೆನ್ನು ಮಾಡುವುದು ಒಳ್ಳೆಯ ಅಭ್ಯಾಸ. ಧೂಳು ತೆಗೆಯಲು ರಬ್ಬರಿನ ಊದುಬುಡ್ಡೆ ಸಾಕು. ಬಾಯಿಂದ ಊದಬಾರದು, ಬಟ್ಟೆಯಿಂದ ಒರೆಸಬಾರದು.

ಮಸೂರಗಳು ಮತ್ತು ಅಡಾಪ್ಟರ್

ಈಗಾಗಲೇ ಮಸೂರಗಳನ್ನು ಹೊಂದಿರುವವನ ಲೆಕ್ಕವೇ ಬೇರೆ. ಕ್ಯಾನನ್ ಇಎಫ್ ಮಸೂರಗಳು ಆ ಸಂಸ್ಥೆಯ ಅಡಾಪ್ಟರ್ ಮೂಲಕ ಆರ್ ಸರಣಿಯ ಕ್ಯಾಮೆರಾಗಳಲ್ಲಿ ಚೆನ್ನಾಗಿ ಕೆಲಸ ಮಾಡುತ್ತವೆ. ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರಿನಲ್ಲಿ ಮೋಟಾರು ಒಳಗೊಂಡ ಎಎಫ್‌-ಎಸ್ ಮಸೂರಗಳು ತಾವೇ ಫೋಕಸ್ ಮಾಡುತ್ತವೆ. ಕ್ಯಾಮೆರಾದ ಮೋಟಾರನ್ನು ಅವಲಂಬಿಸಿದ ಹಳೆಯ ಎಎಫ್ ಮತ್ತು ಎಎಫ್‌-ಡಿ ಮಸೂರಗಳನ್ನು ಮಾತ್ರ ಕೈಯಿಂದಲೇ ತಿರುಗಿಸಬೇಕು. ಇಂತಹ ಹಳೆಯ ಮಸೂರಗಳ ಸಂಗ್ರಹ ಇರುವವರು ಇದನ್ನು ಅಂಗಡಿಯಲ್ಲಿಯೇ ಜೋಡಿಸಿ ಪರೀಕ್ಷಿಸದೆ ಮಿರರ್‌ಲೆಸ್ ಕೊಳ್ಳಬಾರದು. ಅಡಾಪ್ಟರ್ ಸೇರಿಸಿದ ಮೇಲೆ ಕ್ಯಾಮೆರಾ ಹಗುರವಾಗಿದೆಯೆಂಬ ಲಾಭ ಬಹುಮಟ್ಟಿಗೆ ಹೋಗುತ್ತದೆ, ಆದರೆ ಮಸೂರಗಳಿಗೆ ಹೊಸದಾಗಿ ಹಣ ಸುರಿಯಬೇಕಾದ ಪ್ರಮೇಯ ತಪ್ಪುತ್ತದೆ.

ಹೊಸದಾಗಿ ಆರಂಭಿಸುವವರು ಒಡಲಿನ ಬೆಲೆಯನ್ನು ನೋಡದೆ ಮೂರು ಮಸೂರಗಳ ಬೆಲೆಯನ್ನು ಮೊದಲು ನೋಡಬೇಕು: ಒಂದು ಸಾಮಾನ್ಯ ಬಳಕೆಯದು, ಒಂದು ದೂರದ್ದು, ಒಂದು 50 ಮಿ.ಮೀ. ಎಫ್/1.8ರಂತಹ ಹೆಚ್ಚು ಬೆಳಕಿನದು. ಮಿರರ್‌ಲೆಸ್ ಒಡಲು ಕೈಗೆಟುಕಿದರೂ ಅದರ ಮಸೂರಗಳು ಎಟುಕದೆ, ಕೊಂಡಾಗ ಬಂದ ಒಂದೇ ಮಸೂರದಲ್ಲಿ ಉಳಿದುಬಿಡುವವರು ಬಹಳ. ಅಂತಹವರಿಗೆ ಎರಡು ಒಳ್ಳೆಯ ಮಸೂರಗಳಿರುವ ಹಳೆಯ ಡಿಎಸ್‌ಎಲ್‌ಆರ್ ಹೆಚ್ಚು ಕಲಿಸುತ್ತದೆ.

ಬಳಸಿದ ಕ್ಯಾಮೆರಾ ಮತ್ತು ದುರಸ್ತಿ

ವೃತ್ತಿನಿರತರು ಮಿರರ್‌ಲೆಸ್‌ಗೆ ಬದಲಾಗುತ್ತಿರುವುದರಿಂದ ಬಳಸಿದ ಡಿಎಸ್‌ಎಲ್‌ಆರ್‌ಗಳೂ ಅವುಗಳ ಮಸೂರಗಳೂ ಹೇರಳವಾಗಿ ಮಾರಾಟಕ್ಕೆ ಬರುತ್ತಿವೆ. ವಿದ್ಯಾರ್ಥಿಗಳಿಗೂ ಶಾಲಾ ಕಾಲೇಜುಗಳಿಗೂ ಇದು ಅನುಕೂಲದ ಕಾಲ. ಇಂತಹ ಕ್ಯಾಮೆರಾ ಕೊಳ್ಳುವಾಗ ಶಟರ್ ಎಷ್ಟು ಬಾರಿ ತೆರೆದಿದೆ ಎಂಬ ಸಂಖ್ಯೆಯನ್ನು ಕೇಳಬೇಕು. ನಿಕಾನ್ ಡಿ5600ರಂತಹ ಮಾದರಿಯ ಶಟರನ್ನು 1 ಲಕ್ಷ, ಡಿ850ರದ್ದನ್ನು 2 ಲಕ್ಷ ಬಾರಿಗೆ ಪರೀಕ್ಷಿಸಲಾಗಿದೆ. ಮದುವೆ ಛಾಯಾಗ್ರಾಹಕನ ಕೈಯಲ್ಲಿದ್ದ ಕ್ಯಾಮೆರಾ ಕೆಲವೇ ವರ್ಷಗಳಲ್ಲಿ ಈ ಮಿತಿಯನ್ನು ಮುಟ್ಟಬಲ್ಲದು. ಮಸೂರವನ್ನು ಟಾರ್ಚ್ ಬೆಳಕಿಗೆ ಹಿಡಿದು ಬೂಷ್ಟಿನ ಎಳೆಗಳಿವೆಯೇ ನೋಡಬೇಕು. ಬಿಳಿಯ ಗೋಡೆ ಅಥವಾ ಆಕಾಶವನ್ನು ಎಫ್/16ರಲ್ಲಿ ತೆಗೆದು ಹಿಗ್ಗಿಸಿದರೆ ಸಂವೇದಕದ ಧೂಳು ತಿಳಿಯುತ್ತದೆ.

ಪ್ರಮುಖ ಸಂಸ್ಥೆಗಳ ಅಧಿಕೃತ ಸೇವಾ ಕೇಂದ್ರಗಳಿರುವುದು ಬೆಂಗಳೂರಿನಂತಹ ದೊಡ್ಡ ನಗರಗಳಲ್ಲಿ. ಚಿತ್ರದುರ್ಗದಿಂದ ಅಲ್ಲಿಗೆ ಸುಮಾರು 200 ಕಿ.ಮೀ. ದುರಸ್ತಿಗೆ ಕೊಟ್ಟ ಕ್ಯಾಮೆರಾ ಮರಳುವವರೆಗೆ ಸ್ಟುಡಿಯೊ ಮುಚ್ಚಲಾಗದ ಕಾರಣ, ಮಿರರ್‌ಲೆಸ್‌ಗೆ ಬದಲಾದವರೂ ಹಳೆಯ ಡಿಎಸ್‌ಎಲ್‌ಆರ್ ಒಂದನ್ನು ಮಾರದೆ ಉಳಿಸಿಕೊಳ್ಳುವುದು ಜಾಣತನ. ಅಡಾಪ್ಟರ್ ಇರುವುದರಿಂದ ಒಂದೇ ಮಸೂರ ಎರಡಕ್ಕೂ ಒದಗುತ್ತದೆ. ಹೊಸ ಕ್ಯಾಮೆರಾವನ್ನು ಕಡಿಮೆ ಬೆಲೆಯ ಆಸೆಗೆ ಬಿಲ್ಲಿಲ್ಲದೆ ಕೊಂಡರೆ ಭಾರತದ ವಾರಂಟಿ ದೊರೆಯುವುದಿಲ್ಲ. ಕ್ಯಾಮೆರಾಗಳ ಮೇಲಿನ ಜಿಎಸ್‌ಟಿಯನ್ನು 2019ರ ಜನವರಿಯಿಂದ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಯಿತು. ನೋಂದಣಿ ಇರುವ ಸ್ಟುಡಿಯೊ ಸರಿಯಾದ ಬಿಲ್ಲನ್ನು ಪಡೆದಿದ್ದರೆ ಕಟ್ಟಿದ ಆ ತೆರಿಗೆಯನ್ನು ತನ್ನ ಲೆಕ್ಕದಲ್ಲಿ ಹೊಂದಿಸಿಕೊಳ್ಳಲು ಅವಕಾಶವಿದೆ.